ಸರಕು ಸಾಗಣೆ ಟ್ರೇಲರ್: ಆಯ್ಕೆ, ನೋಂದಣಿ ಮತ್ತು ಸುರಕ್ಷಿತ ಬಳಕೆ – ಮಸ್ಕಿ, ಸಿಂಧನೂರು ಹಾಗೂ ಲಿಂಗಸುಗೂರು ತಾಲ್ಲೂಕುಗಳ ವಾಹನ ಮಾಲೀಕರಿಗೆ ಮಾಹಿತಿ

ಸಾರ್ವಜನಿಕರ ಮಾಹಿತಿಗಾಗಿ

ರಾಯಚೂರು ಜಿಲ್ಲೆಯ ಮಸ್ಕಿ, ಸಿಂಧನೂರು ಮತ್ತು ಲಿಂಗಸುಗೂರು ತಾಲ್ಲೂಕುಗಳಲ್ಲಿ ಭತ್ತ, ಹತ್ತಿ, ಜೋಳ, ತೊಗರಿ, ಕಡಲೆ ಮುಂತಾದ ಬೆಳೆಗಳನ್ನು ಹೊಲದಿಂದ ಮನೆಗೆ, ಮನೆಯಿಂದ ಮಾರುಕಟ್ಟೆ ಪ್ರಾಂಗಣಕ್ಕೆ ಹಾಗೂ ಅಕ್ಕಿ ಗಿರಣಿಗಳಿಗೆ ಸಾಗಿಸಲು ಟ್ರ್ಯಾಕ್ಟರ್ ಮತ್ತು ಅದಕ್ಕೆ ಜೋಡಿಸಿದ ಟ್ರೇಲರ್ ಪ್ರಮುಖ ಸಾಧನವಾಗಿದೆ. ಟ್ರ್ಯಾಕ್ಟರನ್ನು ಕೊಳ್ಳುವಾಗ ರೈತರು ಹಲವರನ್ನು ವಿಚಾರಿಸಿ, ಅಶ್ವಶಕ್ತಿ, ಇಂಧನ ವೆಚ್ಚ, ಸಾಲದ ಬಡ್ಡಿ ಎಲ್ಲವನ್ನೂ ತೂಗಿ ನೋಡುತ್ತಾರೆ. ಆದರೆ ಅದರ ಹಿಂದೆ ಕಟ್ಟುವ ಟ್ರೇಲರಿನ ವಿಷಯದಲ್ಲಿ ಅಷ್ಟೇ ಎಚ್ಚರ ವಹಿಸುವುದು ವಿರಳ. ಟ್ರೇಲರನ್ನು ಟ್ರ್ಯಾಕ್ಟರಿನ ಒಂದು ಉಪಕರಣವೆಂದು ಭಾವಿಸುವುದೇ ಇದಕ್ಕೆ ಕಾರಣ.

ಕಾನೂನಿನ ದೃಷ್ಟಿಯಲ್ಲಿ ಟ್ರೇಲರ್ ಒಂದು ಪ್ರತ್ಯೇಕ ವಾಹನ. ಅದಕ್ಕೆ ತನ್ನದೇ ಆದ ತೂಕದ ಮಿತಿ, ತನ್ನದೇ ಆದ ನೋಂದಣಿ ಸಂಖ್ಯೆ ಮತ್ತು ವಿಮಾ ರಕ್ಷಣೆ ಇರತಕ್ಕದ್ದು. ಯಂತ್ರಶಾಸ್ತ್ರದ ದೃಷ್ಟಿಯಲ್ಲಿಯೂ ಅದು ಪ್ರತ್ಯೇಕವೇ: ಇಂಜಿನ್ ಇಲ್ಲದ, ಅನೇಕ ವೇಳೆ ಬ್ರೇಕ್ ಸಹ ಇಲ್ಲದ, ಆದರೆ ಮುಂದಿನ ವಾಹನಕ್ಕಿಂತ ಎರಡು ಮೂರು ಪಟ್ಟು ಭಾರವಾಗಬಲ್ಲ ವಾಹನ. ಈ ಎರಡೂ ಸಂಗತಿಗಳನ್ನು ಗಮನದಲ್ಲಿಟ್ಟುಕೊಂಡು ಟ್ರೇಲರನ್ನು ಆಯ್ಕೆ ಮಾಡುವ, ನೋಂದಾಯಿಸುವ ಹಾಗೂ ಬಳಸುವ ಕ್ರಮವನ್ನು ಈ ಕೆಳಗೆ ವಿವರಿಸಲಾಗಿದೆ.

1. ಟ್ರೇಲರ್ ಎಂದರೇನು?

ಮೋಟಾರು ವಾಹನಗಳ ಅಧಿನಿಯಮ, 1988ರ 2ನೇ ಕಲಮಿನ ಪ್ರಕಾರ, ಅರೆ-ಟ್ರೇಲರ್ ಮತ್ತು ಸೈಡ್ ಕಾರ್ ಹೊರತುಪಡಿಸಿ, ಮೋಟಾರು ವಾಹನವೊಂದು ಎಳೆಯುವ ಅಥವಾ ಎಳೆಯಲೆಂದು ಉದ್ದೇಶಿಸಿರುವ ಯಾವುದೇ ವಾಹನವು ‘ಟ್ರೇಲರ್’ ಆಗಿರುತ್ತದೆ. ಜನರ ಮಾತಿನಲ್ಲಿ ಇದನ್ನು ಟ್ರಾಲಿ ಎಂದೂ ಕರೆಯುತ್ತಾರೆ. ಅದೇ ಅಧಿನಿಯಮದಲ್ಲಿ ‘ಟ್ರ್ಯಾಕ್ಟರ್’ ಎಂದರೆ ತಾನೇ ಸರಕು ಹೊರಲು ನಿರ್ಮಿತವಾಗಿರದ ವಾಹನ. ಆದ್ದರಿಂದ ಸರಕಿನ ಹೊಣೆ ಪೂರ್ಣವಾಗಿ ಟ್ರೇಲರಿನದೇ ಆಗಿರುತ್ತದೆ.

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರಲ್ಲಿ ‘ಕೃಷಿ ಟ್ರ್ಯಾಕ್ಟರ್’ ಮತ್ತು ‘ಕೃಷಿ ಟ್ರೇಲರ್’ ಎಂಬ ಪದಗಳಿಗೆ ಪ್ರತ್ಯೇಕ ಅರ್ಥ ನೀಡಲಾಗಿದೆ. ಕೃಷಿ ಟ್ರ್ಯಾಕ್ಟರನ್ನು ಸಾರಿಗೆಯೇತರ ವಾಹನವೆಂದು ಪರಿಗಣಿಸಲಾಗುತ್ತದೆ. ಸಾಮಾನ್ಯವಾಗಿ ಮೇಲ್ಛಾವಣಿಯಿಲ್ಲದ, ಒಂದು ಅಥವಾ ಎರಡು ಅಚ್ಚುಗಳ, ಕೃಷಿ ಟ್ರ್ಯಾಕ್ಟರಿಗೆ ಜೋಡಿಸಿ ಮುಖ್ಯವಾಗಿ ಕೃಷಿ ಸಾಮಗ್ರಿಗಳನ್ನು ಸಾಗಿಸುವ ಟ್ರೇಲರೇ ಕೃಷಿ ಟ್ರೇಲರ್. ಬಾಡಿಗೆಗೆ ಮರಳು, ಇಟ್ಟಿಗೆ, ಕಲ್ಲು, ಜಲ್ಲಿ ಸಾಗಿಸುವ ಟ್ರೇಲರ್ ಈ ವರ್ಗಕ್ಕೆ ಸೇರುವುದಿಲ್ಲ; ಅದನ್ನು ವಾಣಿಜ್ಯ ಬಳಕೆಯ ವರ್ಗದಲ್ಲಿ ನೋಂದಾಯಿಸತಕ್ಕದ್ದು. ಯಾವ ಬಳಕೆಗಾಗಿ ಕೊಳ್ಳಲಾಗುತ್ತಿದೆ ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳುವುದು ಅವಶ್ಯಕ. ತೆರಿಗೆ, ವಿಮೆ, ಅರ್ಹತಾ ಪತ್ರ ಎಲ್ಲವೂ ಈ ನಿರ್ಧಾರವನ್ನೇ ಅವಲಂಬಿಸಿರುತ್ತವೆ.

2. ಕೊಳ್ಳುವ ಮುನ್ನ: ಯಾವ ಸರಕು, ಎಷ್ಟು ತೂಕ?

ಟ್ರೇಲರಿನ ದಾಖಲೆಗಳಲ್ಲಿ ಎರಡು ತೂಕಗಳನ್ನು ನಮೂದಿಸಲಾಗಿರುತ್ತದೆ: ಖಾಲಿ ತೂಕ ಮತ್ತು ಒಟ್ಟು ತೂಕ. ಒಟ್ಟು ತೂಕದಿಂದ ಖಾಲಿ ತೂಕವನ್ನು ಕಳೆದರೆ ಬರುವುದೇ ಹೇರಬಹುದಾದ ಸರಕಿನ ಮಿತಿ. ಟ್ರೇಲರಿನಲ್ಲಿ ಎಷ್ಟು ಸ್ಥಳವಿದೆ ಎಂಬುದರಿಂದ ಈ ಮಿತಿಯನ್ನು ಅಳೆಯುವಂತಿಲ್ಲ. ಅಧಿನಿಯಮದ 113ನೇ ಕಲಮಿನ ಪ್ರಕಾರ ನೋಂದಣಿ ಪತ್ರದಲ್ಲಿ ನಮೂದಿಸಿರುವ ಒಟ್ಟು ತೂಕವನ್ನು ಮೀರಿದ ವಾಹನವನ್ನಾಗಲಿ ಟ್ರೇಲರನ್ನಾಗಲಿ ಸಾರ್ವಜನಿಕ ಸ್ಥಳದಲ್ಲಿ ಚಲಾಯಿಸುವಂತಿಲ್ಲ.

ಉದಾಹರಣೆಗೆ, ಒಂದು ಟ್ರೇಲರಿನ ಖಾಲಿ ತೂಕ 1,500 ಕೆ.ಜಿ. ಮತ್ತು ಒಟ್ಟು ತೂಕ 5,000 ಕೆ.ಜಿ. ಎಂದು ಭಾವಿಸೋಣ. ಹೇರಬಹುದಾದ ಸರಕು 3,500 ಕೆ.ಜಿ. ಮಾತ್ರ. ಈ ಮಿತಿಯು ಬೇರೆ ಬೇರೆ ಸರಕಿನಲ್ಲಿ ಎಷ್ಟಾಗುತ್ತದೆ ಎಂಬುದನ್ನು ಗಮನಿಸಿ:

(ಅ) ಭತ್ತದ ಚೀಲಗಳು: ಚೀಲವೊಂದಕ್ಕೆ 75 ಕೆ.ಜಿ. ಎಂದು ಲೆಕ್ಕ ಹಿಡಿದರೆ 46 ಚೀಲಗಳಿಗೆ 3,450 ಕೆ.ಜಿ. ಆಗುತ್ತದೆ. 47ನೆಯ ಚೀಲ ಹೇರಿದಾಗ ಮಿತಿ ಮೀರುತ್ತದೆ. 60 ಚೀಲ ಹೇರಿದರೆ 4,500 ಕೆ.ಜಿ., ಅಂದರೆ ಒಂದು ಟನ್ ಹೆಚ್ಚಳ.

(ಆ) ಬಿಡಿ ಭತ್ತ: 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರದ ಟ್ರೇಲರಿನ ಒಳ ಅಳತೆ 120 ಘನ ಅಡಿ, ಅಂದರೆ ಸುಮಾರು 3.4 ಘನ ಮೀಟರ್. ಇದನ್ನು ಬಿಡಿ ಭತ್ತದಿಂದ ಮಟ್ಟಸವಾಗಿ ತುಂಬಿದರೆ ಸುಮಾರು 2,000 ಕೆ.ಜಿ. ಆಗುತ್ತದೆ. ಮಿತಿಯೊಳಗೇ ಇರುತ್ತದೆ.

(ಇ) ಮರಳು: ಅದೇ ಟ್ರೇಲರನ್ನು ಒಣ ಮರಳಿನಿಂದ ತುಂಬಿದರೆ ಸುಮಾರು 5,400 ಕೆ.ಜಿ. ಆಗುತ್ತದೆ. ಹಸಿ ಮರಳಾದರೆ ಇನ್ನೂ ಹೆಚ್ಚು. ಒಣ ಮರಳನ್ನು ತಳದಿಂದ ಸುಮಾರು 15 ಅಂಗುಲದಷ್ಟು ತುಂಬಿದಾಗಲೇ 3,500 ಕೆ.ಜಿ. ಮಿತಿ ಮುಟ್ಟುತ್ತದೆ.

(ಈ) ಹತ್ತಿ, ಕಣಿಕೆ, ಭತ್ತದ ಹುಲ್ಲು: ಇವುಗಳಲ್ಲಿ ತೂಕದ ಮಿತಿ ಮೀರುವ ಮೊದಲೇ ಅಗಲ ಮತ್ತು ಎತ್ತರದ ಸಮಸ್ಯೆ ಎದುರಾಗುತ್ತದೆ. ಪಕ್ಕಕ್ಕೆ ಚಾಚಿದ ಹೇರು ಎದುರಿನ ವಾಹನಗಳಿಗೆ ಅಡ್ಡವಾಗುತ್ತದೆ. ಎತ್ತರದ ಹೇರು ವಿದ್ಯುತ್ ತಂತಿಗೆ ತಗಲುವ ಅಪಾಯವಿದೆ. ತಿರುವಿನಲ್ಲಿ ಟ್ರೇಲರ್ ಮಗುಚುವ ಸಾಧ್ಯತೆಯೂ ಹೆಚ್ಚುತ್ತದೆ.

ಆದ್ದರಿಂದ ತಾವು ವರ್ಷದಲ್ಲಿ ಅತಿ ಹೆಚ್ಚು ಬಾರಿ ಸಾಗಿಸುವ ಸರಕು ಯಾವುದು ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳತಕ್ಕದ್ದು. ಭಾರದ ಸರಕಿಗೆ ತಗ್ಗಿನ ಪಕ್ಕದ ಹಲಗೆಗಳಿರುವ ಟ್ರೇಲರ್ ಸೂಕ್ತ. ಹಗುರವಾದ, ಉಬ್ಬಿದ ಸರಕಿಗೆ ಉದ್ದನೆಯ ತಳವಿರುವ ಟ್ರೇಲರ್ ಸೂಕ್ತ. ಭಾರದ ಸರಕನ್ನು ಸಾಗಿಸುವವರು ಟ್ರೇಲರಿನ ಒಳಮೈಯಲ್ಲಿ ಆ ಸರಕಿನ ಮಿತಿಯ ಎತ್ತರಕ್ಕೆ ಬಣ್ಣದ ಗೆರೆಯೊಂದನ್ನು ಎಳೆದಿಟ್ಟುಕೊಂಡರೆ ಹೇರುವ ಕಾರ್ಮಿಕರಿಗೂ ಅನುಕೂಲವಾಗುತ್ತದೆ. ಹೊಸ ಟ್ರೇಲರ್ ಕೊಂಡ ನಂತರ ಒಮ್ಮೆ ಖಾಲಿಯಾಗಿ, ಒಮ್ಮೆ ಎಂದಿನ ಹೇರಿನೊಂದಿಗೆ ತೂಕದ ಕಾಟಾದಲ್ಲಿ ತೂಗಿಸಿ ಚೀಟಿ ಪಡೆದುಕೊಳ್ಳುವುದು ಉತ್ತಮ.

3. ಟ್ರ್ಯಾಕ್ಟರಿಗೆ ತಕ್ಕ ಟ್ರೇಲರ್: ಎಳೆಯುವ ಶಕ್ತಿ ಮತ್ತು ನಿಲ್ಲಿಸುವ ಶಕ್ತಿ

ಟ್ರೇಲರ್ ಕೊಳ್ಳುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ‘ನನ್ನ ಟ್ರ್ಯಾಕ್ಟರ್ ಎಷ್ಟು ಟನ್ ಎಳೆಯುತ್ತದೆ?’ ಎಂಬುದು. ಕೇಳಬೇಕಾದ ಪ್ರಶ್ನೆ, ‘ನನ್ನ ಟ್ರ್ಯಾಕ್ಟರ್ ಎಷ್ಟು ಟನ್ನನ್ನು ನಿಲ್ಲಿಸುತ್ತದೆ?’ ಎಂಬುದು. ಕಡಿಮೆ ಗೇರಿನಲ್ಲಿ ಟ್ರ್ಯಾಕ್ಟರು ತನ್ನ ತೂಕಕ್ಕಿಂತ ಹಲವು ಪಟ್ಟು ಭಾರವನ್ನು ಎಳೆಯಬಲ್ಲದು. ಆದರೆ ಅದರ ಬ್ರೇಕುಗಳು ಸಾಮಾನ್ಯವಾಗಿ ಹಿಂದಿನ ಎರಡು ಚಕ್ರಗಳ ಮೇಲೆ ಮಾತ್ರ ಕೆಲಸ ಮಾಡುತ್ತವೆ.

2,000 ಕೆ.ಜಿ. ತೂಕದ ಟ್ರ್ಯಾಕ್ಟರು 6,000 ಕೆ.ಜಿ. ಒಟ್ಟು ತೂಕದ ಬ್ರೇಕ್ ಇಲ್ಲದ ಟ್ರೇಲರನ್ನು ಎಳೆಯುತ್ತಿದ್ದರೆ, ಟ್ರ್ಯಾಕ್ಟರಿನ ಬ್ರೇಕುಗಳು 8,000 ಕೆ.ಜಿ. ಭಾರವನ್ನು, ಅಂದರೆ ಟ್ರ್ಯಾಕ್ಟರಿನ ಸ್ವಂತ ತೂಕದ ನಾಲ್ಕು ಪಟ್ಟನ್ನು, ತಡೆಯಬೇಕಾಗುತ್ತದೆ. ಇದರೊಂದಿಗೆ ವೇಗವನ್ನೂ ಸೇರಿಸಿ ನೋಡಬೇಕು. ಗಂಟೆಗೆ 20 ಕಿ.ಮೀ. ವೇಗವನ್ನು 40 ಕಿ.ಮೀ.ಗೆ ಏರಿಸಿದರೆ ಬ್ರೇಕು ತಡೆಯಬೇಕಾದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ.

ಇಳಿಜಾರಿನಲ್ಲಿ ಪರಿಸ್ಥಿತಿ ಇನ್ನೂ ವಿಷಮವಾಗುತ್ತದೆ. ಕಾಲುವೆಯ ಏರಿಯಿಂದ ಇಳಿಯುವಾಗ ಅಥವಾ ಸೇತುವೆಯ ಇಳಿಜಾರಿನಲ್ಲಿ ಭಾರದ ಟ್ರೇಲರು ಟ್ರ್ಯಾಕ್ಟರನ್ನು ಹಿಂದಿನಿಂದ ನೂಕುತ್ತದೆ. ಆಗ ಥಟ್ಟನೆ ಬ್ರೇಕು ಹಾಕಿದರೆ ಟ್ರ್ಯಾಕ್ಟರು ಅಡ್ಡಲಾಗಿ ತಿರುಗಿ, ಎರಡೂ ವಾಹನಗಳು ಕತ್ತರಿಯಂತೆ ಮಡಚಿಕೊಳ್ಳುವ ಸಂಭವವಿದೆ. ಏರುವಾಗ ಇದಕ್ಕೆ ವಿರುದ್ಧವಾದ ಅಪಾಯವುಂಟು: ಎಳೆಯುವ ಕಂಬಿಯ ಮೇಲೆ ಅತಿಯಾದ ಭಾರವಿದ್ದರೆ ಟ್ರ್ಯಾಕ್ಟರಿನ ಮುಂದಿನ ಚಕ್ರಗಳು ನೆಲ ಬಿಟ್ಟು ಮೇಲೇಳುತ್ತವೆ ಮತ್ತು ಚಾಲಕನ ಹಿಡಿತ ತಪ್ಪುತ್ತದೆ.

ಈ ಕಾರಣಗಳಿಂದ ಟ್ರ್ಯಾಕ್ಟರ್ ತಯಾರಕರು ಕೈಪಿಡಿಯಲ್ಲಿ ಸೂಚಿಸಿರುವ ಟ್ರೇಲರ್ ತೂಕವನ್ನೇ ಗರಿಷ್ಠ ಮಿತಿಯೆಂದು ತಿಳಿಯತಕ್ಕದ್ದು. ಭಾರದ ಸರಕನ್ನು ನಿತ್ಯ ಸಾಗಿಸುವವರು, ಹೆದ್ದಾರಿಯಲ್ಲಿ ಸಂಚರಿಸುವವರು, ಸ್ವಂತ ಬ್ರೇಕ್ ವ್ಯವಸ್ಥೆಯಿರುವ ಟ್ರೇಲರನ್ನೇ ಆಯ್ದುಕೊಳ್ಳುವುದು ಶ್ರೇಯಸ್ಕರ. ಅದಕ್ಕಾಗುವ ಹೆಚ್ಚುವರಿ ವೆಚ್ಚವು ಒಂದೇ ಒಂದು ಅಪಘಾತದ ನಷ್ಟಕ್ಕೆ ಹೋಲಿಸಿದರೆ ಅಲ್ಪವೇ.

4. ಎರಡು ಚಕ್ರದ ಟ್ರೇಲರೋ, ನಾಲ್ಕು ಚಕ್ರದ ಟ್ರೇಲರೋ?

ಒಂದೇ ಅಚ್ಚಿನ, ಎರಡು ಚಕ್ರದ ಟ್ರೇಲರು ತನ್ನ ಹೇರಿನ ಒಂದು ಭಾಗವನ್ನು ಟ್ರ್ಯಾಕ್ಟರಿನ ಮೇಲೆ ಹೊರಿಸುತ್ತದೆ. ಇದರಿಂದ ಟ್ರ್ಯಾಕ್ಟರಿನ ಹಿಂದಿನ ಚಕ್ರಗಳಿಗೆ ಹಿಡಿತ ದೊರೆಯುತ್ತದೆ. ಕಿರಿದಾದ ಬಂಡಿದಾರಿಯಲ್ಲಿ ತಿರುಗಿಸಲು, ಹಿಮ್ಮುಖವಾಗಿ ಕಣಕ್ಕೆ ಒಯ್ಯಲು ಇದು ಸುಲಭ. ಆದರೆ ಹೇರನ್ನು ಸರಿಯಾಗಿ ಹಂಚುವುದು ಇಲ್ಲಿ ಅತಿ ಮುಖ್ಯ. ಭಾರವೆಲ್ಲ ಮುಂದಕ್ಕಿದ್ದರೆ ಟ್ರ್ಯಾಕ್ಟರಿನ ಮುಂಭಾಗ ಹಗುರವಾಗುತ್ತದೆ. ಭಾರವೆಲ್ಲ ಅಚ್ಚಿನ ಹಿಂದಕ್ಕಿದ್ದರೆ ಎಳೆಯುವ ಕಂಬಿ ಮೇಲಕ್ಕೆ ಎತ್ತಲ್ಪಟ್ಟು ಟ್ರ್ಯಾಕ್ಟರಿನ ಹಿಂದಿನ ಚಕ್ರಗಳ ಹಿಡಿತ ಸಡಿಲಗೊಳ್ಳುತ್ತದೆ, ಟ್ರೇಲರು ಅತ್ತಿತ್ತ ಓಲಾಡುತ್ತದೆ. ಅಚ್ಚಿನ ಮೇಲೆ ಹೆಚ್ಚು ಭಾರ, ಅಲ್ಲಿಂದ ಸ್ವಲ್ಪ ಮುಂದಕ್ಕೆ ಉಳಿದ ಭಾರ ಬರುವಂತೆ ಹೇರುವುದು ಸರಿಯಾದ ಕ್ರಮ.

ಎರಡು ಅಚ್ಚಿನ, ನಾಲ್ಕು ಚಕ್ರದ ಟ್ರೇಲರು ತನ್ನ ಭಾರವನ್ನು ತಾನೇ ಹೊರುತ್ತದೆ. ಹೆಚ್ಚು ಸರಕಿಗೆ, ದೂರದ ಡಾಂಬರು ರಸ್ತೆಗೆ ಇದು ಸೂಕ್ತ. ಭಾರವು ನಾಲ್ಕು ಚಕ್ರಗಳಿಗೆ ಹಂಚಿಹೋಗುವುದರಿಂದ ಹಸಿಯಾದ ಎರೆ ಭೂಮಿಯಲ್ಲಿ ಪ್ರತಿ ಚಕ್ರ ಹೂತುಕೊಳ್ಳುವುದು ಕಡಿಮೆ. ಆದರೆ ಹಿಮ್ಮುಖವಾಗಿ ಒಯ್ಯಲು ಹೆಚ್ಚಿನ ಅಭ್ಯಾಸ ಬೇಕು ಮತ್ತು ಬೆಲೆಯೂ ಹೆಚ್ಚು.

ಹೈಡ್ರಾಲಿಕ್ ಒತ್ತಡದಿಂದ ಹಿಂದಕ್ಕೆ ಬಾಗಿ ಸರಕು ಸುರಿಯುವ ಟ್ರೇಲರುಗಳನ್ನು ಕೊಳ್ಳುವವರು ತಮ್ಮ ಟ್ರ್ಯಾಕ್ಟರಿನ ಹೈಡ್ರಾಲಿಕ್ ವ್ಯವಸ್ಥೆ ಅದಕ್ಕೆ ಹೊಂದಿಕೊಳ್ಳುವುದೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು. ಮೇಲೆತ್ತಿದ ಟ್ರೇಲರಿನ ಕೆಳಗೆ ಆಸರೆ ಕೊಡದೆ ಯಾರೂ ಹೋಗಕೂಡದು. ವಿದ್ಯುತ್ ತಂತಿಗಳ ಕೆಳಗೆ ಟ್ರೇಲರನ್ನು ಮೇಲೆತ್ತಕೂಡದು.

5. ಕೊಳ್ಳುವಾಗ ಪರಿಶೀಲಿಸಬೇಕಾದ ಅಂಶಗಳು

• ಚಾಸಿ ಸಂಖ್ಯೆ: ಟ್ರೇಲರಿನ ಚೌಕಟ್ಟಿನ ಮೇಲೆ ಸ್ಪಷ್ಟವಾಗಿ ಅಚ್ಚೊತ್ತಿರಬೇಕು. ಕೇವಲ ಬಣ್ಣದಲ್ಲಿ ಬರೆದಿದ್ದರೆ ಸಾಲದು.

• ತಯಾರಕರ ಅನುಮೋದನೆ: ಮಾದರಿಗೆ ನಿಯಮಾನುಸಾರ ಅನುಮೋದನೆ ಪಡೆದಿರುವ ತಯಾರಕರಿಂದಲೇ ಕೊಳ್ಳತಕ್ಕದ್ದು. ಊರಿನ ಕಬ್ಬಿಣದ ಕಾರ್ಖಾನೆಯಲ್ಲಿ ಕಡಿಮೆ ಬೆಲೆಗೆ ಮಾಡಿಸಿದ, ಯಾವುದೇ ದಾಖಲೆಯಿಲ್ಲದ ಟ್ರೇಲರು ನೋಂದಣಿಗೆ ಅರ್ಹವಾಗುವುದಿಲ್ಲ. ಕೊಂಡ ನಂತರ ನೋಂದಣಿಯಾಗದೆ ಹಣ ಕಳೆದುಕೊಳ್ಳುವುದಕ್ಕಿಂತ ಮುಂಗಡ ಕೊಡುವ ಮೊದಲೇ ದಾಖಲೆಗಳನ್ನು ಕೇಳಿ ನೋಡುವುದು ಲೇಸು.

• ಜೋಡಣೆ: ಎಳೆಯುವ ಕಂಬಿಯ ಬೆಸುಗೆಯಲ್ಲಿ ಬಿರುಕು ಇರಬಾರದು. ಪಿನ್ ಟ್ರ್ಯಾಕ್ಟರಿನ ಹುಕ್ಕಿಗೆ ಸರಿಯಾಗಿ ಹೊಂದಬೇಕು. ಮೇಲಕ್ಕೆ ಹಾರಿ ಬೀಳದಂತೆ ಅದಕ್ಕೆ ಕೀಲು ಇರಬೇಕು. ಪಿನ್ ಮುರಿದರೂ ಟ್ರೇಲರು ಬೇರ್ಪಡದಂತೆ ಸುರಕ್ಷತಾ ಸರಪಳಿಯನ್ನು ಹಾಕಿಸಿಕೊಳ್ಳತಕ್ಕದ್ದು. ಪಿನ್ನಿನ ಬದಲು ಕಬ್ಬಿಣದ ಸರಳು ಅಥವಾ ಬೋಲ್ಟ್ ಬಳಸಕೂಡದು.

• ಟೈರುಗಳು: ಟೈರಿನ ಪಕ್ಕದಲ್ಲಿ ನಮೂದಿಸಿರುವ ಭಾರದ ಸಾಮರ್ಥ್ಯ ಟ್ರೇಲರಿನ ಒಟ್ಟು ತೂಕಕ್ಕೆ ಸಾಲುವಂತಿರಬೇಕು. ಹಳೆಯ ಲಾರಿಯ ಸವೆದ ಟೈರುಗಳನ್ನು ಹಾಕಿ ಹೊಸ ಟ್ರೇಲರೆಂದು ಮಾರಿದಲ್ಲಿ ನಿರಾಕರಿಸತಕ್ಕದ್ದು.

• ದೀಪ ಮತ್ತು ಪ್ರತಿಫಲಕಗಳು: ಹಿಂಭಾಗದ ಎರಡೂ ಬದಿಗೆ ಕೆಂಪು ಪ್ರತಿಫಲಕಗಳು, ಟ್ರ್ಯಾಕ್ಟರಿನಿಂದ ವಿದ್ಯುತ್ ಪಡೆಯುವ ಹಿಂದೀಪ, ಬ್ರೇಕ್ ದೀಪ ಮತ್ತು ತಿರುವು ಸೂಚಕ ದೀಪಗಳು ಇರಬೇಕು. ಟ್ರ್ಯಾಕ್ಟರಿನ ಹಿಂದೀಪಗಳು ಟ್ರೇಲರಿನ ಮರೆಯಲ್ಲಿ ಹಿಂದಿನವರಿಗೆ ಕಾಣುವುದಿಲ್ಲ ಎಂಬುದನ್ನು ನೆನಪಿಡಬೇಕು.

• ಮಾರ್ಪಾಡು: ಕೊಂಡ ನಂತರ ಪಕ್ಕದ ಹಲಗೆಗಳನ್ನು ಎತ್ತರಿಸುವುದು, ತಳವನ್ನು ಉದ್ದ ಮಾಡಿಸುವುದು, ಅಚ್ಚನ್ನು ಬದಲಿಸುವುದು ಮುಂತಾದ, ನೋಂದಣಿ ಪತ್ರದ ವಿವರಗಳಿಗೆ ಹೊಂದದ ಮಾರ್ಪಾಡುಗಳನ್ನು ಅಧಿನಿಯಮದ 52ನೇ ಕಲಂ ನಿಷೇಧಿಸುತ್ತದೆ.

6. ಮೋಟಾರ್ ಸೈಕಲಿಗೆ ಟ್ರೇಲರ್ ಜೋಡಿಸಬಹುದೇ?

ಸಂತೆಗಳಲ್ಲಿ ತರಕಾರಿ, ಬಟ್ಟೆ, ಪಾತ್ರೆ ಮಾರುವವರು ಹಾಗೂ ದೂರ ಪ್ರವಾಸಕ್ಕೆ ಹೋಗುವ ಮೋಟಾರ್ ಸೈಕಲ್ ಸವಾರರು ಈ ಪ್ರಶ್ನೆಯನ್ನು ಕೇಳುವುದುಂಟು. ಅಧಿನಿಯಮದಲ್ಲಿ ಮೋಟಾರ್ ಸೈಕಲ್ ಎಂಬ ಪದದ ಅರ್ಥದಲ್ಲಿ, ಹೆಚ್ಚುವರಿ ಚಕ್ರವಿರುವ, ಬಿಚ್ಚಬಹುದಾದ ಸೈಡ್ ಕಾರ್ ಸೇರಿದೆ; ಟ್ರೇಲರ್ ಸೇರಿಲ್ಲ. ಕೇಂದ್ರ ಸರ್ಕಾರವು 2004ರಲ್ಲಿ ಹೊರಡಿಸಿದ ವಾಹನ ವರ್ಗೀಕರಣ ಅಧಿಸೂಚನೆಯಲ್ಲಿ ‘ಸರಕು ಸಾಗಿಸುವ ಟ್ರೇಲರ್ ಸಹಿತ ಮೋಟಾರ್ ಸೈಕಲ್’ ಎಂಬುದು ಸಾರಿಗೆ ವಾಹನಗಳ ಪಟ್ಟಿಯಲ್ಲಿದೆ. ಆದ್ದರಿಂದ ಇಂತಹ ಜೋಡಣೆಯು ಸಾಮಾನ್ಯ ಸ್ವಂತ ಬಳಕೆಯ ಮೋಟಾರ್ ಸೈಕಲಿನ ನೋಂದಣಿಯ ವ್ಯಾಪ್ತಿಗೆ ಒಳಪಡುವುದಿಲ್ಲ. ಟ್ರೇಲರಿಗೆ ಅನುಮೋದನೆ ಮತ್ತು ನೋಂದಣಿ ಇಲ್ಲದೆ, ಬೆಸುಗೆ ಹಾಕಿಸಿದ ಕೊಂಡಿಯಿಂದ ತಳ್ಳುಗಾಡಿಯನ್ನು ಮೋಟಾರ್ ಸೈಕಲಿಗೆ ಕಟ್ಟಿ ಎಳೆಯುವುದು ಕಾನೂನುಬಾಹಿರ.

ಸುರಕ್ಷತೆಯ ದೃಷ್ಟಿಯಿಂದಲೂ ಇದು ವಿಚಾರಣೀಯ. ಸುಮಾರು 120ರಿಂದ 200 ಕೆ.ಜಿ. ತೂಕದ ಮೋಟಾರ್ ಸೈಕಲಿಗೆ ಅದರಷ್ಟೇ ಭಾರದ ಬ್ರೇಕ್ ಇಲ್ಲದ ಗಾಡಿಯನ್ನು ಕಟ್ಟಿದರೆ ನಿಲ್ಲಲು ಬೇಕಾಗುವ ದೂರ ಬಹಳವಾಗಿ ಹೆಚ್ಚುತ್ತದೆ. ತಿರುವಿನಲ್ಲಿ ಮೋಟಾರ್ ಸೈಕಲು ಓರೆಯಾಗಬೇಕು. ಕಟ್ಟಿದ ಗಾಡಿ ಓರೆಯಾಗುವುದಿಲ್ಲ. ಕೊಂಡಿಯು ಎರಡೂ ಚಲನೆಗಳಿಗೆ ಅವಕಾಶ ಕೊಡುವಂತಿರದಿದ್ದರೆ ಸವಾರನು ಬೀಳುವನು.

ಹಗುರವಾದ ಸಾಮಾನುಗಳಿಗೆ ಬೇರೆ ಮಾರ್ಗವಿದೆ. 2020ರಲ್ಲಿ ಕೇಂದ್ರ ಮೋಟಾರು ವಾಹನಗಳ ನಿಯಮಗಳಿಗೆ ತಂದ ತಿದ್ದುಪಡಿಯಂತೆ 550 ಮಿ.ಮೀ. ಉದ್ದ, 510 ಮಿ.ಮೀ. ಅಗಲ ಮತ್ತು 500 ಮಿ.ಮೀ. ಎತ್ತರ ಮೀರದ ಹಗುರವಾದ ಪೆಟ್ಟಿಗೆಯನ್ನು ಮೋಟಾರ್ ಸೈಕಲಿನಲ್ಲಿ ಅಳವಡಿಸಬಹುದು. ಪೆಟ್ಟಿಗೆಯನ್ನು ಹಿಂಬದಿ ಸವಾರನ ಸ್ಥಳದಲ್ಲಿ ಇರಿಸಿದ್ದರೆ ಚಾಲಕನ ಹೊರತು ಇನ್ನೊಬ್ಬರು ಕೂರುವಂತಿಲ್ಲ. ಇದಕ್ಕಿಂತ ಹೆಚ್ಚಿನ ಸರಕು ನಿತ್ಯವೂ ಇದ್ದಲ್ಲಿ ಮೂರು ಚಕ್ರದ ಸರಕು ವಾಹನವೇ ಸೂಕ್ತ.

7. ಟ್ರೇಲರಿನ ನೋಂದಣಿ

ಅಧಿನಿಯಮದ 39ನೇ ಕಲಮಿನ ಪ್ರಕಾರ ನೋಂದಣಿಯಾಗದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಬಳಸುವಂತಿಲ್ಲ. ನೋಂದಣಿಗೆ ಸಂಬಂಧಿಸಿದ ಉಪಬಂಧಗಳು ಟ್ರೇಲರುಗಳಿಗೂ ಅನ್ವಯಿಸುತ್ತವೆ ಎಂದು 61ನೇ ಕಲಂ ಸ್ಪಷ್ಟಪಡಿಸಿದೆ. ಮಾಲೀಕರು ವಾಸಿಸುವ ಅಥವಾ ವಾಹನವನ್ನು ಸಾಮಾನ್ಯವಾಗಿ ಇರಿಸುವ ಸ್ಥಳದ ವ್ಯಾಪ್ತಿಯ ಪ್ರಾಧಿಕಾರದಲ್ಲಿ ಅರ್ಜಿ ಸಲ್ಲಿಸಬೇಕು. ರಾಯಚೂರು ಪ್ರಾದೇಶಿಕ ಸಾರಿಗೆ ಕಛೇರಿಯ ನೋಂದಣಿ ಸಂಕೇತ ಕೆಎ 36 ಆಗಿರುತ್ತದೆ. ಅರ್ಜಿಯನ್ನು ಮಾರಾಟಗಾರರ ಮೂಲಕ ಅಥವಾ ಪರಿವಾಹನ್ ಜಾಲತಾಣದ ಮೂಲಕ ಸಲ್ಲಿಸಬಹುದು.

ಸಾಮಾನ್ಯವಾಗಿ ಅಗತ್ಯವಿರುವ ದಾಖಲೆಗಳು:

(1) ನೋಂದಣಿ ಅರ್ಜಿ – ನಮೂನೆ 20
(2) ಮಾರಾಟ ಪ್ರಮಾಣಪತ್ರ – ನಮೂನೆ 21
(3) ತಯಾರಕರು ನೀಡಿದ ರಸ್ತೆ ಯೋಗ್ಯತಾ ಪ್ರಮಾಣಪತ್ರ – ನಮೂನೆ 22
(4) ಮಾದರಿ ಅನುಮೋದನೆಯ ಪ್ರತಿ ಹಾಗೂ ಖರೀದಿ ಬಿಲ್ಲು
(5) ಚಾಲ್ತಿಯಲ್ಲಿರುವ ವಿಮಾ ಪತ್ರ
(6) ವಿಳಾಸದ ದಾಖಲೆ ಮತ್ತು ಪಾನ್ ಕಾರ್ಡ್ ಅಥವಾ ನಮೂನೆ 60
(7) ಸಾಲ ಪಡೆದು ಕೊಂಡಿದ್ದಲ್ಲಿ ಬ್ಯಾಂಕ್ ಅಥವಾ ಸಹಕಾರಿ ಸಂಘದ ವಿವರ
(8) ಎಳೆಯುವ ಟ್ರ್ಯಾಕ್ಟರಿನ ನೋಂದಣಿ ಪತ್ರದ ಪ್ರತಿ
(9) ಕೃಷಿ ಬಳಕೆಯೆಂದು ಕೋರಿದ್ದು, ಕಛೇರಿಯು ಕೇಳಿದಲ್ಲಿ ಪಹಣಿ ಪತ್ರ

ವಿಶೇಷ ಸೂಚನೆ: ಮಸ್ಕಿಯು ಪ್ರತ್ಯೇಕ ತಾಲ್ಲೂಕಾಗುವ ಮೊದಲು ಲಿಂಗಸುಗೂರು ತಾಲ್ಲೂಕಿನಲ್ಲಿತ್ತು. ಅನೇಕರ ಹಳೆಯ ದಾಖಲೆಗಳಲ್ಲಿ ಹಿಂದಿನ ತಾಲ್ಲೂಕಿನ ಹೆಸರೇ ಉಳಿದಿರುತ್ತದೆ. ಟ್ರ್ಯಾಕ್ಟರಿನ ನೋಂದಣಿ ಪತ್ರ, ಆಧಾರ್, ಪಹಣಿ ಮತ್ತು ವಿಮಾ ಪತ್ರಗಳಲ್ಲಿ ಹೆಸರು ಹಾಗೂ ವಿಳಾಸ ಒಂದೇ ರೀತಿಯಲ್ಲಿರುವಂತೆ ಮೊದಲೇ ನೋಡಿಕೊಂಡರೆ ಅರ್ಜಿ ಹಿಂತಿರುಗುವುದನ್ನು ತಪ್ಪಿಸಬಹುದು.

ಸಾರಿಗೆಯೇತರ ವಾಹನದ ನೋಂದಣಿಯು 15 ವರ್ಷಗಳವರೆಗೆ ಊರ್ಜಿತವಾಗಿದ್ದು, ನಂತರ ನಮೂನೆ 25ರಲ್ಲಿ ನವೀಕರಣ ಕೋರಬೇಕು. ಸಾರಿಗೆ ವಾಹನವೆಂದು ನೋಂದಣಿಯಾದ ಟ್ರೇಲರಿಗೆ 56ನೇ ಕಲಮಿನಂತೆ ಅರ್ಹತಾ ಪತ್ರವೂ ಬೇಕು.

ನೋಂದಣಿ ಫಲಕ: ಟ್ರೇಲರಿನ ಸ್ವಂತ ನೋಂದಣಿ ಸಂಖ್ಯೆಯನ್ನು ಅದರ ಪಾರ್ಶ್ವದಲ್ಲಿ ಪ್ರದರ್ಶಿಸಬೇಕು. ಇದಲ್ಲದೆ, ಎಳೆಯುತ್ತಿರುವ ಟ್ರ್ಯಾಕ್ಟರಿನ ಸಂಖ್ಯೆಯೂ ಟ್ರೇಲರಿನ ಮೇಲೆ ಕಾಣುವಂತಿರಬೇಕು. ಒಂದಕ್ಕಿಂತ ಹೆಚ್ಚು ಟ್ರೇಲರ್ ಇದ್ದಲ್ಲಿ ಕೊನೆಯ ಟ್ರೇಲರಿನ ಮೇಲೆ ಇರಬೇಕು. ಅಪಘಾತದ ಸಂದರ್ಭದಲ್ಲಿ ಹಿಂದಿನವರಿಗೆ ಕಾಣುವ ಸಂಖ್ಯೆ ಇದೊಂದೇ ಎಂಬುದು ಈ ನಿಯಮದ ಮಹತ್ವ.

8. ಬಳಸಿದ ಟ್ರೇಲರ್ ಕೊಳ್ಳುವವರಿಗೆ

ಹಳೆಯ ಟ್ರೇಲರನ್ನು ಕೊಳ್ಳುವಾಗ ನೋಂದಣಿ ಪತ್ರದಲ್ಲಿರುವ ಚಾಸಿ ಸಂಖ್ಯೆ ಮತ್ತು ಚೌಕಟ್ಟಿನ ಮೇಲಿನ ಸಂಖ್ಯೆ ತಾಳೆಯಾಗುವುದೇ ಎಂದು ಸ್ವತಃ ನೋಡತಕ್ಕದ್ದು. ಮಾಲೀಕತ್ವ ವರ್ಗಾವಣೆಗೆ ನಮೂನೆ 29 ಮತ್ತು ನಮೂನೆ 30 ಸಲ್ಲಿಸಬೇಕು. ಹಿಂದಿನ ಮಾಲೀಕರ ಸಾಲ ತೀರಿದ್ದಲ್ಲಿ ನಮೂನೆ 35ರ ಮೂಲಕ ಸಾಲದ ನಮೂದನ್ನು ತೆಗೆಸಿರಬೇಕು. ನೆರೆಯ ತೆಲಂಗಾಣ ಅಥವಾ ಆಂಧ್ರಪ್ರದೇಶದಲ್ಲಿ ನೋಂದಣಿಯಾದ ಟ್ರೇಲರಾದಲ್ಲಿ ಅಲ್ಲಿನ ಪ್ರಾಧಿಕಾರದಿಂದ ನಿರಾಕ್ಷೇಪಣಾ ಪತ್ರವನ್ನು (ನಮೂನೆ 28) ಪಡೆಯುವುದು ಅವಶ್ಯಕ; 12 ತಿಂಗಳಿಗೂ ಮೀರಿ ಇಲ್ಲಿಯೇ ಇರಿಸಿಕೊಳ್ಳುವುದಾದರೆ ಈ ರಾಜ್ಯದ ನೋಂದಣಿ ಸಂಖ್ಯೆಯನ್ನು ಪಡೆಯತಕ್ಕದ್ದು. ಬರಿ ಬಾಂಡ್ ಕಾಗದದ ಮೇಲೆ ಬರೆಸಿಕೊಂಡ ಕರಾರು ಮಾಲೀಕತ್ವ ವರ್ಗಾವಣೆಯಾಗುವುದಿಲ್ಲ. ಮಾರಿದವರ ಹೆಸರು ದಾಖಲೆಯಲ್ಲಿ ಉಳಿದಿರುವವರೆಗೆ ಅಪಘಾತದ ಹೊಣೆ ಅವರನ್ನೂ ಬೆನ್ನಟ್ಟುತ್ತದೆ.

9. ವಿಮೆ: ಟ್ರ್ಯಾಕ್ಟರಿಗೆ ಇದ್ದರೆ ಸಾಲದು

ಅಧಿನಿಯಮದ 146ನೇ ಕಲಮಿನಂತೆ ಮೂರನೆಯ ವ್ಯಕ್ತಿಗಳಿಗೆ ಆಗುವ ಹಾನಿಯ ವಿಮೆ ಕಡ್ಡಾಯ. ವಿಮಾ ಪತ್ರದಲ್ಲಿ ಟ್ರ್ಯಾಕ್ಟರಿನ ವಿವರವಷ್ಟೇ ಇದ್ದು ಟ್ರೇಲರಿನ ವಿವರ ಇಲ್ಲದಿದ್ದಲ್ಲಿ ಮಾಲೀಕರು ದೊಡ್ಡ ಆಪತ್ತಿಗೆ ಗುರಿಯಾಗಬಹುದು.

2007ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿದ ಪ್ರಕರಣವೊಂದು ಇದಕ್ಕೆ ನಿದರ್ಶನ. ಅದರಲ್ಲಿ ಟ್ರ್ಯಾಕ್ಟರಿಗೆ ಕೃಷಿ ಬಳಕೆಯ ವಿಮೆ ಇತ್ತು, ಟ್ರೇಲರಿಗೆ ವಿಮೆ ಇರಲಿಲ್ಲ. ಇಟ್ಟಿಗೆ ಭಟ್ಟಿಗೆ ಮಣ್ಣು ಸಾಗಿಸುವ ಕೆಲಸದಲ್ಲಿದ್ದ ಕೂಲಿಕಾರನು ಬಿದ್ದು ಗಾಯಗೊಂಡನು. ವಿಮಾ ಕಂಪನಿಗೆ ಹೊಣೆಯಿಲ್ಲವೆಂದು ನ್ಯಾಯಾಲಯವು ಅಭಿಪ್ರಾಯಪಟ್ಟಿತು. ಗಾಯಾಳು ಬಡ ಕಾರ್ಮಿಕನಾಗಿದ್ದುದರಿಂದ ಕಂಪನಿಯು ಮೊದಲು ಪರಿಹಾರ ನೀಡಿ, ಆ ಹಣವನ್ನು ಮಾಲೀಕನಿಂದ ವಸೂಲು ಮಾಡಿಕೊಳ್ಳಲು ಆದೇಶಿಸಲಾಯಿತು. ಅಂದರೆ ಕೊನೆಗೆ ಪರಿಹಾರದ ಭಾರವೆಲ್ಲ ಮಾಲೀಕನ ಮೇಲೆಯೇ ಬಿದ್ದಿತು.

ಆದ್ದರಿಂದ ವಿಮಾ ಪತ್ರ ಪಡೆದ ದಿನವೇ ಈ ಮೂರು ಅಂಶಗಳನ್ನು ಓದಿ ನೋಡತಕ್ಕದ್ದು: ಟ್ರೇಲರಿನ ನೋಂದಣಿ ಅಥವಾ ಚಾಸಿ ಸಂಖ್ಯೆ ನಮೂದಾಗಿದೆಯೇ, ಬಳಕೆಯ ಉದ್ದೇಶ ಸರಿಯಾಗಿದೆಯೇ, ಹೇರುವ ಮತ್ತು ಇಳಿಸುವ ಕೆಲಸಗಾರರಿಗೆ ಪ್ರತ್ಯೇಕ ಕಂತು ಪಾವತಿಸಿ ರಕ್ಷಣೆ ಪಡೆಯಲಾಗಿದೆಯೇ.

10. ಚಾಲನಾ ಪರವಾನಗಿ

ಖಾಲಿ ತೂಕ 7,500 ಕೆ.ಜಿ. ಮೀರದ ಟ್ರ್ಯಾಕ್ಟರು ‘ಲಘು ಮೋಟಾರು ವಾಹನ’ದ ಅರ್ಥದಲ್ಲಿ ಸೇರುತ್ತದೆ. ಟ್ರ್ಯಾಕ್ಟರ್ ಚಾಲನೆಗೆ ಪರವಾನಗಿ ಪಡೆದವರು ಅದಕ್ಕೆ ಟ್ರೇಲರ್ ಜೋಡಿಸಿದ ಮಾತ್ರಕ್ಕೆ ಪರವಾನಗಿ ಇಲ್ಲದವರಾಗುವುದಿಲ್ಲ ಎಂದು ಕರ್ನಾಟಕದಿಂದ ಹೋದ ಮೇಲ್ಮನವಿಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ತೀರ್ಪು ನೀಡಿದೆ. ಲಘು ಮೋಟಾರು ವಾಹನದ ಪರವಾನಗಿ ಹೊಂದಿರುವವರು 7,500 ಕೆ.ಜಿ.ವರೆಗಿನ ಒಟ್ಟು ತೂಕದ ಸಾರಿಗೆ ವಾಹನವನ್ನು ಚಲಾಯಿಸಬಹುದೆಂದು ಅದೇ ನ್ಯಾಯಾಲಯದ ಸಂವಿಧಾನ ಪೀಠವು 2024ರ ನವೆಂಬರ್ 6ರಂದು ತಿಳಿಸಿದೆ.

ಹದಿನೆಂಟು ವರ್ಷ ತುಂಬದವರಿಗೆ ಟ್ರ್ಯಾಕ್ಟರ್ ಕೊಡಕೂಡದು. 2019ರ ತಿದ್ದುಪಡಿಯಿಂದ ಸೇರಿಸಲಾದ 199ಎ ಕಲಮಿನಂತೆ ಅಪ್ರಾಪ್ತರು ವಾಹನ ಚಲಾಯಿಸಿ ಅಪರಾಧವೆಸಗಿದಲ್ಲಿ ಪೋಷಕರು ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ ರೂ. 25,000 ದಂಡ ವಿಧಿಸಬಹುದು. ವಾಹನದ ನೋಂದಣಿಯನ್ನೂ 12 ತಿಂಗಳವರೆಗೆ ರದ್ದುಪಡಿಸಲಾಗುವುದು.

11. ರಸ್ತೆಯ ಮೇಲೆ ಪಾಲಿಸಬೇಕಾದ ಕ್ರಮಗಳು

ಲಿಂಗಸುಗೂರು, ಮಸ್ಕಿ ಮತ್ತು ಸಿಂಧನೂರುಗಳನ್ನು ಜೋಡಿಸುವ ರಾಷ್ಟ್ರೀಯ ಹೆದ್ದಾರಿ 150ಎ ಮೇಲೆ ಬಸ್ಸು ಹಾಗೂ ಲಾರಿಗಳ ಸಂಚಾರವಿರುತ್ತದೆ. ಸುಗ್ಗಿಯ ಕಾಲದಲ್ಲಿ ನಿಧಾನವಾಗಿ ಚಲಿಸುವ ಟ್ರೇಲರುಗಳು ಇದೇ ರಸ್ತೆಗೆ ಬರುತ್ತವೆ. ಈ ವೇಗದ ಅಂತರವೇ ಅಪಾಯದ ಮೂಲ.

• ರಸ್ತೆಗೆ ಬರುವ ಮೊದಲು ಟ್ರ್ಯಾಕ್ಟರಿನ ಎಡ ಮತ್ತು ಬಲ ಬ್ರೇಕ್ ಪೆಡಲುಗಳನ್ನು ಒಂದಕ್ಕೊಂದು ಜೋಡಿಸಿ ಕೀಲು ಹಾಕಬೇಕು. ಹೊಲದಲ್ಲಿ ತಿರುಗಿಸಲು ಬಿಡಿಸಿದ ಕೀಲನ್ನು ಹಾಕಲು ಮರೆತರೆ, ಬ್ರೇಕು ಒತ್ತಿದಾಗ ಟ್ರ್ಯಾಕ್ಟರು ಒಂದೇ ಬದಿಗೆ ಎಳೆಯುತ್ತದೆ.
• ಇಳಿಜಾರು ಆರಂಭವಾಗುವ ಮೊದಲೇ ಕಡಿಮೆ ಗೇರಿಗೆ ಬರಬೇಕು. ಇಂಜಿನನ್ನು ಗೇರಿನಿಂದ ಬಿಡಿಸಿ ಇಳಿಯಕೂಡದು.
• ಸೂರ್ಯಾಸ್ತದ ನಂತರ ಹಿಂದೀಪ ಮತ್ತು ಪ್ರತಿಫಲಕವಿಲ್ಲದ ಟ್ರೇಲರನ್ನು ರಸ್ತೆಗೆ ತರಕೂಡದು. ಮಣ್ಣು, ಹುಲ್ಲು ಅಥವಾ ತಾಡಪತ್ರಿಯು ಪ್ರತಿಫಲಕಗಳನ್ನು ಮುಚ್ಚದಂತೆ ನೋಡಿಕೊಳ್ಳಬೇಕು.
• ಕೆಟ್ಟು ನಿಂತ ಟ್ರೇಲರನ್ನು ರಸ್ತೆಯ ಅಂಚಿನಿಂದ ಸಾಧ್ಯವಾದಷ್ಟು ಕೆಳಕ್ಕೆ ಸರಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನಿಂದ ಬರುವವರಿಗೆ ದೂರದಿಂದಲೇ ಕಾಣುವಂತೆ ಎಚ್ಚರಿಕೆ ಚಿಹ್ನೆ ಇಡಬೇಕು. ಹೊರಡುವಾಗ ಆ ಕಲ್ಲುಗಳನ್ನು ರಸ್ತೆಯಲ್ಲಿ ಬಿಡಕೂಡದು.
• ಟ್ರೇಲರಿನಲ್ಲಾಗಲಿ, ಹೇರಿನ ಮೇಲಾಗಲಿ, ಟ್ರ್ಯಾಕ್ಟರಿನ ಚಕ್ರದ ಮೇಲಿನ ತಗಡಿನ ಮೇಲಾಗಲಿ ಜನರನ್ನು ಕೂರಿಸಕೂಡದು.

ಈ ಕೊನೆಯ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಭತ್ತದ ನಾಟಿಗೆ, ಹತ್ತಿ ಬಿಡಿಸಲು, ಜಾತ್ರೆ ಮತ್ತು ಮದುವೆಗಳಿಗೆ ಮಹಿಳೆಯರು ಹಾಗೂ ಮಕ್ಕಳನ್ನು ಟ್ರೇಲರಿನಲ್ಲಿ ಕರೆದೊಯ್ಯುವ ರೂಢಿಯಿದೆ. ಟ್ರೇಲರಿನಲ್ಲಿ ಆಸನವಿಲ್ಲ, ಹಿಡಿಕೆಯಿಲ್ಲ; ಮಗುಚಿದಾಗ ಅದರ ಕಬ್ಬಿಣದ ಹಲಗೆಗಳ ಕೆಳಗೆ ಸಿಲುಕುವವರು ಒಳಗಿದ್ದವರೇ. ಸರಕಿಗೆಂದು ಮಾಡಿಸಿದ ವಿಮೆಯು ಹೀಗೆ ಪ್ರಯಾಣಿಸಿದವರ ಕುಟುಂಬಕ್ಕೆ ನೆರವಾಗುವುದಿಲ್ಲ.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನನ್ನ ಟ್ರೇಲರನ್ನು ನೆರೆಯವರ ಟ್ರ್ಯಾಕ್ಟರಿಗೆ ಜೋಡಿಸಬಹುದೇ?
ಉತ್ತರ: ಆ ಟ್ರ್ಯಾಕ್ಟರಿನ ಸಾಮರ್ಥ್ಯಕ್ಕೆ ಟ್ರೇಲರ್ ಹೊಂದಬೇಕು, ಅದರ ಸಂಖ್ಯೆಯನ್ನು ಟ್ರೇಲರಿನ ಮೇಲೆ ಪ್ರದರ್ಶಿಸಬೇಕು. ಈ ಜೋಡಣೆಗೆ ವಿಮಾ ರಕ್ಷಣೆ ಇದೆಯೆಂದು ವಿಮಾ ಕಂಪನಿಯಿಂದ ಮೊದಲೇ ಖಚಿತಪಡಿಸಿಕೊಳ್ಳಬೇಕು.

ಪ್ರಶ್ನೆ: ಟ್ರೇಲರನ್ನು ಹೊಲದಲ್ಲಿ ಮಾತ್ರ ಬಳಸುತ್ತೇನೆ. ನೋಂದಣಿ ಬೇಕೇ?
ಉತ್ತರ: ಹೊಲದಿಂದ ಮನೆಗೆ ಬರುವ ಹಾದಿ ಸಾರ್ವಜನಿಕ ರಸ್ತೆಯಾಗಿದ್ದಲ್ಲಿ, ಅದು ಎಷ್ಟೇ ಅಲ್ಪ ದೂರದ್ದಾಗಿರಲಿ, ನೋಂದಣಿ ಮತ್ತು ವಿಮೆ ಬೇಕು.

ಪ್ರಶ್ನೆ: ಕೃಷಿ ಟ್ರೇಲರಿನಲ್ಲಿ ಬಾಡಿಗೆಗೆ ಮರಳು ಸಾಗಿಸಬಹುದೇ?
ಉತ್ತರ: ಇಲ್ಲ. ಇದು ನೋಂದಣಿ ಮತ್ತು ವಿಮೆಯ ಷರತ್ತುಗಳ ಉಲ್ಲಂಘನೆ. ಮರಳು ಸಾಗಣೆಗೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿಯೂ ಪ್ರತ್ಯೇಕವಾಗಿ ಬೇಕು.

ಪ್ರಶ್ನೆ: ಹಲವು ವರ್ಷಗಳಿಂದ ನೋಂದಣಿಯಿಲ್ಲದ ಟ್ರೇಲರ್ ನನ್ನ ಬಳಿ ಇದೆ. ಏನು ಮಾಡಬೇಕು?
ಉತ್ತರ: ಖರೀದಿ ಬಿಲ್ಲು ಮತ್ತು ತಯಾರಕರ ದಾಖಲೆಗಳೊಂದಿಗೆ ಸಾರಿಗೆ ಕಛೇರಿಯನ್ನು ಖುದ್ದಾಗಿ ಸಂಪರ್ಕಿಸಬೇಕು. ಅಲ್ಲಿಯವರೆಗೆ ಟ್ರೇಲರನ್ನು ರಸ್ತೆಗೆ ತರಕೂಡದು.

ಟ್ರೇಲರ್ ಕೊಳ್ಳಲು ಇಚ್ಛಿಸುವವರು ಮುಂಗಡ ಹಣ ಕೊಡುವ ಮೊದಲು ಸರಕಿನ ತೂಕ, ಟ್ರ್ಯಾಕ್ಟರಿನ ನಿಲ್ಲಿಸುವ ಸಾಮರ್ಥ್ಯ, ತಯಾರಕರ ದಾಖಲೆ ಮತ್ತು ವಿಮೆಯ ವ್ಯಾಪ್ತಿ ಈ ನಾಲ್ಕನ್ನೂ ಖಚಿತಪಡಿಸಿಕೊಳ್ಳಬೇಕೆಂದು ಕೋರಲಾಗಿದೆ. ಶುಲ್ಕ ಮತ್ತು ತೆರಿಗೆಯ ವಿವರಗಳಿಗಾಗಿ ತಮ್ಮ ವ್ಯಾಪ್ತಿಯ ಸಾರಿಗೆ ಕಛೇರಿಯನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದು. ಮಧ್ಯವರ್ತಿಗಳನ್ನು ಅವಲಂಬಿಸದೆ ನೇರವಾಗಿ ಅರ್ಜಿ ಸಲ್ಲಿಸಿ, ಪ್ರತಿ ಪಾವತಿಗೂ ರಸೀದಿ ಪಡೆದುಕೊಳ್ಳತಕ್ಕದ್ದು.